ದೀಪಾವಳಿಯ ಮೂರು ದಿನ ಚೆನ್ನಾಗಿ ಉಂಡು, ಹೊಟ್ಟೆಯನ್ನೂ ಕಾಪಾಡಿಕೊಳ್ಳುವುದು ಹೇಗೆ? ಹಂತ ಹಂತವಾಗಿ

ಹೋದ ವರ್ಷ ಬಲಿಪಾಡ್ಯಮಿಯ ರಾತ್ರಿ ಎದೆಯುರಿ ತಡೆಯಲಾರದೆ ಎದ್ದು ಕೂತೆ. ನಿದ್ದೆ ಬರುವ ಹಾಗಿರಲಿಲ್ಲ. ಬೆಳಗಿನಿಂದ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯುತ್ತಾ ಹೋದೆ. ಎಲೆ ಮುಂದೆ ಕೂತು ಉಂಡದ್ದು ಆರು ಸಾಲಿಗೆ ಮುಗಿಯಿತು. ಎಲೆ ಬಿಟ್ಟು ತಿಂದದ್ದು ಹಾಳೆಯ ಹಿಂಬದಿಗೂ ಹೋಯಿತು. ಬೆಳಗಿನ ಕಾಫಿ ಜೊತೆ ಮೂರು ಚಕ್ಕುಲಿ, ಒಬ್ಬಟ್ಟು ತಟ್ಟುವಾಗ ಸಿಹಿ ಸರಿಯಾಗಿದೆಯಾ ಅಂತ ನೋಡಲು ಎರಡು ಉಂಡೆ ಹೂರಣ, ಪಕ್ಕದ ಮನೆಯವರು ತಂದುಕೊಟ್ಟ ಮೈಸೂರು ಪಾಕು, ಡಬ್ಬಿಗೆ ತುಂಬುವಾಗ ಮುರಿದ ಕೋಡುಬಳೆ ಚೂರುಗಳು, ಸಂಜೆ ಬಂದವರ ಜೊತೆ ಮತ್ತೊಂದು ಸುತ್ತು ಸಿಹಿ-ಖಾರ, ಒಟ್ಟು ನಾಲ್ಕು ಲೋಟ ಕಾಫಿ.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಯಿತು. ಹಬ್ಬದೂಟವನ್ನು ನಾವು ಸುಮ್ನೆ ಬೈಯುತ್ತೇವೆ. ಹೊಟ್ಟೆ ಕೆಡುವುದು ಎಲೆ ಮೇಲಿನದ್ದರಿಂದ ಕಡಿಮೆ. ಊಟದ ಆಚೀಚೆಯ ಬಾಯಾಡಿಕೆ, ಉಂಡ ತಕ್ಷಣದ ನಿದ್ದೆ, ಮಾರನೆ ದಿನದ ತಂಗಳು, ಈ ಮೂರರಿಂದ ಜಾಸ್ತಿ. ಒಬ್ಬಟ್ಟು ಬಿಡಿ ಅಂತ ನಾನು ಹೇಳುವುದಿಲ್ಲ, ವರ್ಷಕ್ಕೊಮ್ಮೆ ಬರುವ ಹಬ್ಬದಲ್ಲಿ ಅದನ್ನು ಬಿಟ್ಟು ಇನ್ನೇನು ತಿನ್ನುವುದು? ಎಲೆ ಊಟ ನೆಮ್ಮದಿಯಾಗಿ ಉಣ್ಣಲು ಉಳಿದದ್ದನ್ನು ಹೇಗೆ ಸರಿಮಾಡಿಕೊಳ್ಳಬೇಕು ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗಿನ ಲೆಕ್ಕ ಇಟ್ಟುಕೊಂಡು ಬರೆದರೂ ಗೌರಿ-ಗಣೇಶಕ್ಕೆ, ಯುಗಾದಿಗೆ ಇದೇ ನಡೆಯುತ್ತದೆ.

ಹಂತ 1: ಅಡುಗೆ ಪಟ್ಟಿ ಬರೆಯುವಾಗಲೇ ಬೇಳೆ ಎಣಿಸಿ

ನಮ್ಮ ಹಳೇ ಮೈಸೂರು ಕಡೆಯ ಹಬ್ಬದ ಎಲೆಯನ್ನು ಒಮ್ಮೆ ತುದಿಯಿಂದ ನೋಡುತ್ತಾ ಬನ್ನಿ. ಕೋಸಂಬರಿಯಲ್ಲಿ ಹೆಸರುಬೇಳೆ. ಆಂಬೊಡೆಯಲ್ಲಿ ಕಡ್ಲೆಬೇಳೆ. ತೊವ್ವೆ, ಹುಳಿ ಎರಡರಲ್ಲೂ ತೊಗರಿಬೇಳೆ. ಬಜ್ಜಿ ಮಾಡಿದರೆ ಕಡ್ಲೆಹಿಟ್ಟು. ಒಬ್ಬಟ್ಟಿನ ಹೂರಣ ಮತ್ತೆ ಬೇಳೆ, ಒಬ್ಬಟ್ಟಿನ ಸಾರು ಅದೇ ಬೇಳೆಯ ಕಟ್ಟು. ಒಂದು ಊಟದಲ್ಲಿ ಆರೇಳು ಕಡೆ ಬೇಳೆ!

ಬೇಳೆ ಒಳ್ಳೆಯದೇ. ಆದರೆ ಅದರಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸುತ್ತವೆ, ಗ್ಯಾಸ್ ಆಗುತ್ತದೆ. ದಿನಾ ಒಂದು ಬಟ್ಟಲು ಹುಳಿ ತಿಂದು ಅಭ್ಯಾಸವಿರುವ ಹೊಟ್ಟೆಗೆ ಒಂದೇ ಸಲ ಇಷ್ಟು ಬಿದ್ದರೆ ಉಬ್ಬರಿಸದೆ ಏನು ಮಾಡುತ್ತದೆ?

ಹಾಗಾಗಿ ಒಬ್ಬಟ್ಟು ಮಾಡುವ ದಿನ ಒಬ್ಬಟ್ಟಿನ ಸಾರು ಸಾಕು, ಹುಳಿ ಬೇಡ. ತೊವ್ವೆ ಶಾಸ್ತ್ರಕ್ಕೆ ಒಂದು ಚಮಚ ಇರಲಿ. ಆಂಬೊಡೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ಅವತ್ತು ಅಕ್ಕಿ ಸಂಡಿಗೆ ಕರಿಯಿರಿ. ಪಲ್ಯಕ್ಕೆ ಹುರುಳಿಕಾಯಿ, ಸೀಮೆಬದನೆ, ಬೂದುಗುಂಬಳ, ಯಾವುದಾದರೂ ಸರಿ, ಆದರೆ ಎರಡು ಪಲ್ಯ ಇರಲಿ. ಖರ್ಚು ಉಳಿಸಲು ಹೋಗಿ ನಾವು ಮೊದಲು ಕೈಬಿಡುವುದು ಪಲ್ಯವನ್ನೇ. ಹೊಟ್ಟೆಗೆ ಅತಿ ಬೇಕಾದ ನಾರು ಇರುವುದು ಅದರಲ್ಲೇ.

ಹೂರಣದ ಬೇಳೆಯನ್ನು ಮೂರ್ನಾಲ್ಕು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಗ್ಯಾಸ್ ಮಾಡುವ ಸಕ್ಕರೆ ಒಂದಷ್ಟು ಆ ನೀರಿನ ಜೊತೆ ಹೋಗುತ್ತದೆ. ಬೇಯಿಸಿದ ಕಟ್ಟನ್ನು ಸಾರಿಗೆ ಧಾರಾಳವಾಗಿ ಬಳಸಿ, ಒಗ್ಗರಣೆಗೆ ಇಂಗು, ಜೀರಿಗೆ ಮರೆಯಬೇಡಿ.

ಸಿಹಿಯ ಲೆಕ್ಕವನ್ನೂ ಇಲ್ಲೇ ಮುಗಿಸೋಣ. ನಮ್ಮ ಮನೆ ಅಳತೆಯಲ್ಲಿ ಒಂದು ಕೆಜಿ ಬೇಳೆಗೆ ಒಂದು ಕೆಜಿ ಬೆಲ್ಲ, ಆಗುವುದು 50ರ ಹತ್ತಿರ ಒಬ್ಬಟ್ಟು. ಅಂದರೆ ಒಂದೊಂದರಲ್ಲಿ 20 ಗ್ರಾಂ ಬೆಲ್ಲ, ಸುಮಾರು ನಾಲ್ಕು ಟೀ ಚಮಚ ಸಕ್ಕರೆ ಇದ್ದ ಹಾಗೆ. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಮೇಲಿನಿಂದ ಸೇರಿಸುವ ಸಕ್ಕರೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ಒಬ್ಬಟ್ಟಿಗೇ 40 ಗ್ರಾಂ ಆಯಿತು. ಅದರ ಮೇಲೆ ಒಂದು ಬಟ್ಟಲು ಪಾಯಸ, ಸಂಜೆ ಎರಡು ತುಂಡು ಬರ್ಫಿ ಅಂದರೆ ನೀವೇ ಕೂಡಿಸಿ ನೋಡಿ. ದಿನಕ್ಕೆ ಒಂದು ದೊಡ್ಡ ಸಿಹಿ ಅಂತ ಹಂಚಿಕೊಳ್ಳಿ: ಒಂದು ದಿನ ಕಜ್ಜಾಯ, ಒಂದು ದಿನ ಒಬ್ಬಟ್ಟು, ಒಂದು ದಿನ ಪಾಯಸ. ಇನ್ನೊಂದು ಮಾತು, ಸಕ್ಕರೆ ಕಾಯಿಲೆ ಇರುವವರು "ಬೆಲ್ಲದ್ದು ತಾನೇ" ಅಂತ ಧೈರ್ಯ ಮಾಡಬೇಡಿ. ರಕ್ತದಲ್ಲಿ ಬೆಲ್ಲವೂ ಸಕ್ಕರೆಯೇ.

ಹಂತ 2: ಬಾಣಲೆ ಮತ್ತು ಎಣ್ಣೆ

ಚಿಕ್ಕ ಬಾಣಲೆ, ಕಡಿಮೆ ಎಣ್ಣೆ. ಕಾದಿದೆಯಾ ಅಂತ ನೋಡಲು ಒಂದು ಚೂರು ಹಿಟ್ಟು ಬಿಡಿ. ತಕ್ಷಣ ಮೇಲೆದ್ದರೆ ಸರಿ, ತಳದಲ್ಲೇ ಕೂತರೆ ಎಣ್ಣೆ ಇನ್ನೂ ತಣ್ಣಗಿದೆ, ಈಗ ಹಾಕಿದರೆ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಚಕ್ಕುಲಿ ಕರಿದ ಎಣ್ಣೆಯಲ್ಲೇ ಕಜ್ಜಾಯ, ಉಳಿದದ್ದರಲ್ಲಿ ಮಾರನೆ ದಿನ ಪೂರಿ, ಹೀಗೆ ಮಾಡಬೇಡಿ. ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ನೊರೆ ಬಂದು, ಕಮಟು ವಾಸನೆ ಹೊಡೆದರೆ ಅದರ ಕೆಲಸ ಮುಗಿಯಿತು. ಹೋಟೆಲುಗಳಿಗೇ ಹಾಳಾದ ಎಣ್ಣೆಯ ಅಂಶ ಶೇ. 25 ದಾಟಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಮನೆಯಲ್ಲಿ ಅಳೆಯುವವರು ಯಾರು? ಕಣ್ಣು, ಮೂಗು ಹೇಳಿದ್ದನ್ನು ಕೇಳಿ.

ಹಂತ 3: ಅಡುಗೆ ಮಾಡುವವರ ಹೊಟ್ಟೆ

ಇದನ್ನು ಯಾರೂ ಬರೆಯುವುದಿಲ್ಲ. ಹಬ್ಬದಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಊಟ ಮಾಡುವವರು ಅಡುಗೆ ಮನೆಯಲ್ಲಿ ನಿಂತವರು. ನಮ್ಮಮ್ಮನನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಳಗಿನ ಜಾವ ಎದ್ದು ಎಣ್ಣೆ ಸ್ನಾನ, ಒಂದು ಲೋಟ ಕಾಫಿ, ಆಮೇಲೆ ಒಲೆ ಮುಂದೆ. ಹನ್ನೊಂದಕ್ಕೆ ಇನ್ನೊಂದು ಕಾಫಿ. ಎಲ್ಲರಿಗೂ ಬಡಿಸಿ ಮುಗಿಸಿ ತಾನು ಕೂರುವಾಗ ಮೂರೂವರೆ. ಅಷ್ಟು ಹೊತ್ತಿಗೆ ಎಣ್ಣೆಯ ಹೊಗೆ ಕುಡಿದು ಹಸಿವು ಸತ್ತಿರುತ್ತದೆ, ಎರಡು ತುತ್ತು ಅನ್ನ ಕಲಸಿ ಎದ್ದುಬಿಡುತ್ತಿದ್ದಳು. ಸಂಜೆ ಹೊತ್ತಿಗೆ ತಲೆನೋವು, ಹುಳಿತೇಗು. ಅದು ಹಬ್ಬದ ಆಯಾಸ ಅಂತ ಎಲ್ಲರೂ ಅಂದುಕೊಳ್ಳುತ್ತಿದ್ದೆವು. ಖಾಲಿ ಹೊಟ್ಟೆ ಮೇಲಿನ ಕಾಫಿ ಮತ್ತು ತಡವಾದ ಊಟ ಅಂತ ಯಾರಿಗೂ ಹೊಳೆಯಲಿಲ್ಲ.

ಈಗ ನಮ್ಮ ಮನೆಯಲ್ಲಿ ಮೂರು ನಿಯಮ ಇದೆ. ಅಡುಗೆ ಮಾಡುವವರು ಎಂಟು ಗಂಟೆಯೊಳಗೆ ಏನಾದರೂ ತಿನ್ನಲೇಬೇಕು, ಎರಡು ಇಡ್ಲಿಯೋ ಒಂದು ಬಟ್ಟಲು ಮೊಸರವಲಕ್ಕಿಯೋ. ಒಲೆ ಪಕ್ಕ ಒಂದು ಚೊಂಬು ಮಜ್ಜಿಗೆ, ಒಂದು ಚೊಂಬು ನೀರು ಇರಬೇಕು. ಮತ್ತು ಮೊದಲ ಪಂಕ್ತಿಯಲ್ಲೇ ಅಡುಗೆಯವರು ಕೂರಬೇಕು, ಗಂಡಸರು, ಮಕ್ಕಳು ಬಡಿಸಬೇಕು. ಮೊದಲ ವರ್ಷ ಅತ್ತೆಗೆ ಇದು ಸರಿಕಾಣಲಿಲ್ಲ. ಈಗ ಅವರೇ ಸೆರಗು ಸರಿಮಾಡಿಕೊಂಡು ಮೊದಲು ಬಂದು ಕೂರುತ್ತಾರೆ.

ಹಂತ 4: ಹಬ್ಬದ ಬೆಳಗ್ಗೆ

"ಮಧ್ಯಾಹ್ನ ಹೇಗೂ ಭರ್ಜರಿ ಊಟ ಇದೆ, ಬೆಳಗ್ಗೆ ಬೇಡ" ಅಂತ ಹೊಟ್ಟೆ ಖಾಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. ತೀರಾ ಹಸಿದವರು ಎಲೆ ಮುಂದೆ ಕೂತರೆ ಕೈ ನಿಲ್ಲುವುದಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಊಟ ಮುಗಿದಿರುತ್ತದೆ. ಹೊಟ್ಟೆ ತುಂಬಿದೆ ಅನ್ನುವ ಸುದ್ದಿ ಮೆದುಳಿಗೆ ಮುಟ್ಟಲು ಹೆಚ್ಚುಕಡಿಮೆ 20 ನಿಮಿಷ ಬೇಕು. ಚಿಕ್ಕ ತಿಂಡಿ ಮಾಡಿ. ಪೂಜೆಗೆ ಮುಂಚೆ ತಿನ್ನದವರು ಹಾಲು, ಬಾಳೆಹಣ್ಣನ್ನಾದರೂ ತೆಗೆದುಕೊಳ್ಳಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ಇದು ಇನ್ನೂ ಮುಖ್ಯ. ಔಷಧಿ ಎಂದಿನ ಹೊತ್ತಿಗೆ ತೆಗೆದುಕೊಂಡು ಊಟವನ್ನು ಮೂರು ಗಂಟೆಗೆ ತಳ್ಳಿದರೆ ಸಕ್ಕರೆ ಕುಸಿದು ಕೈ ನಡುಕ, ಬೆವರು, ತಲೆಸುತ್ತು ಬರುತ್ತದೆ. ನೈವೇದ್ಯಕ್ಕೆ ಎಲ್ಲದರಲ್ಲೂ ಸ್ವಲ್ಪ ಮೊದಲೇ ಬೇರೆ ತೆಗೆದಿಡಿ, ಅವರಿಗೆ ಅವರ ಹೊತ್ತಿಗೆ ಬಡಿಸಿಬಿಡಿ. ಹಬ್ಬಕ್ಕೆ ಮಾತ್ರೆ ಹೆಚ್ಚು ಕಡಿಮೆ ಮಾಡಬೇಕಾ ಅನ್ನುವುದನ್ನು ವಾರದ ಮುಂಚೆಯೇ ಡಾಕ್ಟರನ್ನು ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಹಂತ 5: ಎಲೆ ಮುಂದೆ

ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಮೊದಲು ಎಲೆಗೆ ಬರುತ್ತವೆ, ಅನ್ನ ಆಮೇಲೆ. ಹಿರಿಯರು ಯಾವ ಕಾರಣಕ್ಕೆ ಹೀಗೆ ಮಾಡಿದರೋ, ಆದರೆ ಈ ಕ್ರಮ ಬಹಳ ಒಳ್ಳೆಯದು. ತರಕಾರಿ, ಬೇಳೆ ಮೊದಲು ಹೊಟ್ಟೆಗೆ ಹೋಗಿ ಅನ್ನ, ಸಿಹಿ ಆಮೇಲೆ ಹೋದರೆ ರಕ್ತದ ಸಕ್ಕರೆ ಒಂದೇ ಏಟಿಗೆ ಏರುವುದಿಲ್ಲ. ಆದರೆ ನಾವು ಮಾಡುವುದೇನು? ಒಂದು ಚಮಚ ಕೋಸಂಬರಿ ಎಲೆಯ ತುದಿಯಲ್ಲಿ ಕೊನೆಯವರೆಗೂ ಒಣಗುತ್ತಾ ಕೂತಿರುತ್ತದೆ.

ಅನ್ನ ಬರುವ ಮೊದಲೇ ಕೋಸಂಬರಿ ಪೂರ್ತಿ ತಿನ್ನಿ, ಪಲ್ಯ ಅರ್ಧ ತಿನ್ನಿ. ಎರಡನೇ ಸಲ ಬಡಿಸಲು ಬಂದಾಗ ಒಬ್ಬಟ್ಟಿನ ಬದಲು ಕೋಸಂಬರಿ ಕೇಳಿ ಹಾಕಿಸಿಕೊಳ್ಳಿ. ಅನ್ನ ಬಡಿಸುವವರಿಗೆ ಕೈ ಅಡ್ಡ ಹಿಡಿದು "ಅರ್ಧ ಸೌಟು ಸಾಕು" ಅಂತ ಮೊದಲೇ ಹೇಳಿ. ತೊವ್ವೆಗೆ ಅರ್ಧ, ಸಾರಿಗೆ ಅರ್ಧ, ಮಜ್ಜಿಗೆಗೆ ಅರ್ಧ. ಒಂದೇ ಸಲ ಗುಡ್ಡೆ ಹಾಕಿಸಿಕೊಂಡರೆ ಎಲೆಯಲ್ಲಿ ಬಿಡುವ ಮನಸ್ಸಾಗದೆ ತಿಂದು ಮುಗಿಸುತ್ತೇವೆ.

ಒಬ್ಬಟ್ಟು ಬಂದಾಗ ಅವಸರ ಬೇಡ. ಬಿಸಿ ಒಬ್ಬಟ್ಟಿನ ಮೇಲೆ ಒಂದು ಚಮಚ ತುಪ್ಪ, ಅದು ಕರಗಿ ಅಂಚಿಗೆ ಇಳಿಯುವವರೆಗೂ ಕಾಯಿರಿ. ಚೂರು ಚೂರೇ ಮುರಿದು ಅಗಿದು ತಿನ್ನಿ. ಒಂದನ್ನು ಹೀಗೆ ತಿಂದವರಿಗೆ ಮೂರನೆಯದು ಬೇಕೆನಿಸುವುದೇ ಇಲ್ಲ, ನಾನು ಮಾಡಿ ನೋಡಿದ್ದೇನೆ.

ಬಡಿಸುವವರಿಗೆ ಒಂದು ಮಾತು. ಒತ್ತಾಯ ಪ್ರೀತಿಯೇ, ಗೊತ್ತು. ಆದರೆ "ಸಾಕು" ಅಂದವರ ಎಲೆಗೆ ಇನ್ನೊಂದು ಎಸೆಯಬೇಡಿ. ಡಬ್ಬಿಗೆ ಹಾಕಿ ಮನೆಗೆ ಕೊಟ್ಟು ಕಳಿಸಿ, ನಿಧಾನವಾಗಿ ತಿನ್ನಲಿ.

ಕೊನೆಗೆ ಮಜ್ಜಿಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಚೂರು ಶುಂಠಿ, ಇಂಗು, ಕರಿಬೇವು. ಹಾಲಿನ ಪಾಯಸ ಅರಗದವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಹೆಪ್ಪು ಹಾಕಿದಾಗ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಒಂದಷ್ಟು ಕಡಿಮೆಯಾಗಿರುತ್ತದೆ. ತಾಂಬೂಲದಲ್ಲಿ ಅಡಿಕೆ ಬಿಡಿ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ವೀಳ್ಯದೆಲೆ ಜೊತೆ ಸೋಂಪು, ಒಂದು ಲವಂಗ, ಚೂರು ಕೊಬ್ಬರಿ ಹಾಕಿಕೊಂಡರೂ ಬಾಯಿ ಘಮಘಮ ಅನ್ನುತ್ತದೆ.

ಹಂತ 6: ಉಂಡ ಮೇಲೆ

ಮಲಗಬೇಡಿ. ತುಪ್ಪ, ಎಣ್ಣೆ ಇರುವ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅಡ್ಡಾದರೆ ಹುಳಿ ಗಂಟಲ ಕಡೆ ಬರುತ್ತದೆ. ಎರಡು ಮೂರು ಗಂಟೆ ಬಿಡಿ. ತೀರಾ ಜೊಂಪು ಹತ್ತಿದರೆ ಕುರ್ಚಿಗೆ ಒರಗಿಕೊಳ್ಳಿ, ಮಲಗಲೇಬೇಕೆಂದರೆ ಎಡಮಗ್ಗುಲಾಗಿ. ಎಡಕ್ಕೆ ಮಲಗಿದಾಗ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ, ಹುಳಿ ಮೇಲೇರುವುದು ಕಡಿಮೆ.

10-15 ನಿಮಿಷ ನಡೆಯಿರಿ. ಬಿರುಸಾಗಿ ಬೇಡ, ಬೀದಿಯ ರಂಗೋಲಿಗಳನ್ನು ನೋಡಿಕೊಂಡು ಬರುವಷ್ಟು ಸಾಕು. ಹೊಟ್ಟೆ ಉಬ್ಬರಿಸಿದರೆ ಅರ್ಧ ಚಮಚ ಓಮವನ್ನು ಬಿಸಿನೀರಲ್ಲಿ ಕುದಿಸಿ ಕುಡಿಯಿರಿ. ಸೋಡಾ ಪುಡಿ ಕಲಸಿ ಕುಡಿಯುವುದರಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರುವವರು ಮುಟ್ಟದಿರುವುದೇ ಮೇಲು. ನಮ್ಮ ಪಕ್ಕದ ತಮಿಳು ಮನೆಯವರು ದೀಪಾವಳಿಗೆ ಅಂತಲೇ ಶುಂಠಿ, ಮೆಣಸು, ಓಮ, ಜೀರಿಗೆ, ಬೆಲ್ಲ, ತುಪ್ಪ ಹಾಕಿ ಲೇಹ್ಯ ಮಾಡುತ್ತಾರೆ. ಬೆಳಗ್ಗೆ ಎಣ್ಣೆ ಸ್ನಾನವಾದ ತಕ್ಷಣ ಸಣ್ಣ ಉಂಡೆಯಷ್ಟು ತಿನ್ನುತ್ತಾರೆ. ನನಗೂ ಪ್ರತಿವರ್ಷ ಒಂದು ಬಟ್ಟಲು ಬರುತ್ತದೆ.

ಹಂತ 7: ಸಂಜೆಯ ಡಬ್ಬಿ, ರಾತ್ರಿಯ ಊಟ

ಡಬ್ಬಿಯಿಂದ ನೇರವಾಗಿ ಬಾಯಿಗೆ ಹಾಕಬೇಡಿ. ಇದೊಂದೇ ನಿಯಮ. ತಿನ್ನಬೇಕೆನಿಸಿದರೆ ಒಂದು ಚಿಕ್ಕ ತಟ್ಟೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ಮೇಲಿಟ್ಟು, ಕೂತು ತಿನ್ನಿ. ಬಂದವರಿಗೆ ಕೊಡುವಾಗ ಪ್ರತಿ ಸಲ ನೀವೂ ಜೊತೆಗೆ ತಿನ್ನಬೇಕಿಲ್ಲ, ಕೈಯಲ್ಲಿ ಒಂದು ಲೋಟ ನಿಂಬೆ ಪಾನಕ ಇದ್ದರೆ ಅವರಿಗೂ ಬೇಸರವಾಗುವುದಿಲ್ಲ.

ರಾತ್ರಿ ಮಧ್ಯಾಹ್ನದ್ದನ್ನೇ ಮತ್ತೆ ಬಡಿಸಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಶುಂಠಿ ತಂಬುಳಿ ಮಾಡುತ್ತೇವೆ. ಒಂದು ಇಂಚು ಶುಂಠಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸನ್ನು ಸ್ವಲ್ಪ ತುಪ್ಪದಲ್ಲಿ ಬಾಡಿಸಿ. ಎರಡು ಚಮಚ ತೆಂಗಿನ ತುರಿ ಜೊತೆ ನುಣ್ಣಗೆ ರುಬ್ಬಿ. ಎರಡು ಲೋಟ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಕಾಯಿಸುವ ಹಾಗಿಲ್ಲ. ಮೆತ್ತಗಿನ ಬಿಸಿ ಅನ್ನಕ್ಕೆ ಕಲಸಿಕೊಂಡು ಎಂಟು ಗಂಟೆಯೊಳಗೆ ಉಂಡುಬಿಟ್ಟರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಂತ 8: ಉಳಿದದ್ದು

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಮೂರು ವರ್ಷದ ಹಿಂದೆ ಲಕ್ಷ್ಮೀ ಪೂಜೆಯ ದಿನ ಮಧ್ಯಾಹ್ನದ ಚಿತ್ರಾನ್ನ ಕೊಳದಪ್ಪಲೆಯ ತುಂಬ ಉಳಿದಿತ್ತು. ಮುಚ್ಚಳ ಮುಚ್ಚಿ ಅಡುಗೆ ಮನೆಯ ಕಟ್ಟೆ ಮೇಲೆ ಬಿಟ್ಟೆವು. ವಾಸನೆ ಏನೂ ಇರಲಿಲ್ಲ. ಬೆಳಗ್ಗೆ ಚೆನ್ನಾಗಿ ಬಿಸಿ ಮಾಡಿಕೊಂಡೇ ತಿಂದೆವು. ಹತ್ತು ಗಂಟೆಯೊಳಗೆ ನಾಲ್ಕು ಜನಕ್ಕೆ ವಾಂತಿ. ಮಗ ಸುಸ್ತಾಗಿ ಜಗಲಿಯಲ್ಲೇ ಮಲಗಿದ್ದು ಇವತ್ತಿಗೂ ಕಣ್ಣಮುಂದೆ ಇದೆ.

ಆಮೇಲೆ ತಿಳಿದುಕೊಂಡೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಅನ್ನ, ಚಿತ್ರಾನ್ನ, ಪುಳಿಯೋಗರೆ ಏನೇ ಉಳಿದರೂ ಎರಡು ಗಂಟೆಯೊಳಗೆ ಅಗಲವಾದ, ತೆಳುವಾದ ಡಬ್ಬಿಗಳಿಗೆ ಹರವಿ ಫ್ರಿಜ್ಜಿಗೆ ಇಡಿ. ಮಾರನೆ ದಿನದೊಳಗೆ ಒಂದೇ ಸಲ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಇನ್ನೂ ಒಳ್ಳೆಯದು ಅಂದರೆ ಪುಳಿಯೋಗರೆ ಗೊಜ್ಜನ್ನು ಬೇರೆ ಇಟ್ಟು, ಬೇಕಾದಾಗ ಬಿಸಿ ಅನ್ನಕ್ಕೆ ಕಲಸುವುದು.

ಒಬ್ಬಟ್ಟಿನ ಸಾರು ಮಾರನೆ ದಿನ ಇನ್ನೂ ರುಚಿ, ಅದು ನಿಜ. ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಡಿ, ತೆಗೆದಾಗ ಮತ್ತೆ ಕುದಿಸಿ. ಕಾಯಿ ಹಾಕಿದ ಪಲ್ಯ, ಕೋಸಂಬರಿ ಇಟ್ಟುಕೊಳ್ಳಲೇಬೇಡಿ. ಅಂಗಡಿಯ ಖೋವಾ ಸಿಹಿ ಕೊಳ್ಳುವಾಗ ಎಷ್ಟು ದಿನ ಇಡಬಹುದು ಅಂತ ನೋಡಿ. ಬಿಡಿ ಸಿಹಿಗೂ ಆ ದಿನಾಂಕ ತೋರಿಸಬೇಕು ಅಂತ 2020ರ ಅಕ್ಟೋಬರಿನಲ್ಲಿ ನಿಯಮ ಬಂದಿತ್ತು. ತಂದ ಮೇಲೆ ಫ್ರಿಜ್ಜಿನಲ್ಲಿಡಿ.

ಆದರೂ ಹೊಟ್ಟೆ ಕೆಟ್ಟರೆ

ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ ಅಳೆದು. ಉಪ್ಪು ಇದಕ್ಕಿಂತ ಜಾಸ್ತಿ ಹಾಕಬೇಡಿ. ನೀರೂ ನಿಲ್ಲದಷ್ಟು ವಾಂತಿ, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು, ಜೋರು ಜ್ವರ, ಮಗು ಮೂತ್ರ ಮಾಡುವುದೇ ಕಡಿಮೆಯಾಗುವುದು, ಇವಕ್ಕೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ. ಜಿಡ್ಡಿನೂಟ ಮಾಡಿದಾಗಲೆಲ್ಲ ಬಲಗಡೆ ಪಕ್ಕೆಯ ಕೆಳಗೆ ನೋವು ಬರುತ್ತಿದ್ದರೆ ಪಿತ್ತಕೋಶದಲ್ಲಿ ಕಲ್ಲಿರಬಹುದು, ತೋರಿಸಿಕೊಳ್ಳಿ.

ಎದೆ ಮಧ್ಯೆ ಒತ್ತಿದ ಹಾಗಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ಬೆವರು ಬಂದರೆ "ಹಬ್ಬದೂಟದ ಗ್ಯಾಸು" ಅಂತ ಓಮದ ನೀರು ಕುಡಿಸುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಹಂತ 9: ನಾಲ್ಕನೇ ದಿನ

ಉಪವಾಸ ಬೇಕಿಲ್ಲ, ಜ್ಯೂಸ್ ಮೇಲೆ ಇರುವುದೂ ಬೇಕಿಲ್ಲ. ಬೆಳಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ. ಮಧ್ಯಾಹ್ನ ಸೊಪ್ಪಿನ ಸಾರು, ಮುದ್ದೆ. ನಡುವೆ ಪಪ್ಪಾಯಿ ಹಣ್ಣು. ಮಲಬದ್ಧತೆ ಆಗಿದ್ದರೆ ನಾರಿನ ಜೊತೆ ನೀರೂ ಜಾಸ್ತಿ ಬೇಕು, ಬರೀ ನಾರು ತಿಂದರೆ ಇನ್ನಷ್ಟು ಬಿಗಿಯುತ್ತದೆ. ಹಬ್ಬದ ಡಬ್ಬಿಯಲ್ಲಿ ಇನ್ನೂ ಚಕ್ಕುಲಿ, ಕೋಡುಬಳೆ ಉಳಿದಿರುತ್ತವೆ ಅಲ್ವಾ, ಅವನ್ನು ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ. ಕಸ ತೆಗೆದುಕೊಂಡು ಹೋಗುವ ಅಮ್ಮನಿಗೆ, ಹಾಲು ತರುವ ಹುಡುಗನಿಗೆ, ಆಫೀಸಿನ ಕಾವಲಿನ ಅಣ್ಣನಿಗೆ ಇನ್ನೂ ಗರಿಗರಿ ಇರುವಾಗಲೇ ಕೊಟ್ಟುಬಿಡಿ.